ಕೂಗಿದ್ದಕ್ಕೆ ವಾಪಸ್ ಇಲ್ಲ

ಇದು ಶುರುವಾದದ್ದು ಅಕ್ಟೋಬರ್‌ನಲ್ಲಿ. ದಸರೆ ಮುಗಿದಿತ್ತು, ಮಳೆ ಹೋಗಿತ್ತು, ಮುಂಬಯಿ ಪಕ್ಕದ ಡೊಂಬಿವಲಿಗೆ ವರ್ಷದ ಎರಡನೇ ಬೇಸಿಗೆ ಬಂದಿತ್ತು. ಗಂಟೆ ಬೆಳಿಗ್ಗೆ ಹತ್ತೂಮುಕ್ಕಾಲು. ಹೋಟೆಲಿನಲ್ಲಿ ಅದು ಉಸಿರು ಬಿಡುವ ಹೊತ್ತು. ಲೋಕಲ್ ಟ್ರೈನ್ ಹಿಡಿಯುವವರ ನಾಷ್ಟಾ ಮುಗಿದಿರುತ್ತದೆ, ಊಟದವರು ಬಂದಿರುವುದಿಲ್ಲ.

ನಾನು ಕಿಟ್ಟಣ್ಣ. ಸ್ಟೇಷನ್ನಿನ ಪೂರ್ವ ದಿಕ್ಕಿನ ಆ ಹೋಟೆಲಿನಲ್ಲಿ ಮೂವತ್ತೊಂದು ವರ್ಷ ದುಡಿದವನು, ಬಹುಕಾಲ ದೋಸೆ ಕಾವಲಿಯ ಎದುರು ನಿಂತವನು. ಮೊಣಕಾಲು ಸೋತ ಮೇಲೆ ಹಿಟ್ಟಿನ ಹದ ನೋಡುವ ಕೆಲಸ ಮಾತ್ರ ಉಳಿಯಿತು. ಗ್ರೈಂಡರಿನ ಪಕ್ಕ ನನಗೊಂದು ಸ್ಟೂಲು. ಅಲ್ಲಿ ಕೂತರೆ ಅಡುಗೆಮನೆಯೂ ಕಾಣುತ್ತದೆ, ಗಲ್ಲಾವೂ ಕಾಣುತ್ತದೆ. ಮಾತಾಡುವುದು ನನಗೆ ಕಮ್ಮಿ. ನೋಡಿದ್ದು ಮಾತ್ರ ಮರೆಯುವುದಿಲ್ಲ.

ಅವತ್ತು ಧಣಿ ಪ್ರೇಮನಾಥರ ಮಗ ಮಯೂರ್ ಬಂದು ಎಲ್ಲರನ್ನೂ ಗಲ್ಲಾದ ಮುಂದೆ ನಿಲ್ಲಿಸಿದ. ಇಲ್ಲೇ ಹುಟ್ಟಿ ಬೆಳೆದ ಹುಡುಗ. ಅರ್ಧ ಕನ್ನಡ, ಅರ್ಧ ಹಿಂದಿ.

"ಇನ್ಮೇಲೆ ಎಲ್ಲ ವಾಟ್ಸ್ಯಾಪ್ ಗ್ರೂಪ್‌ನಲ್ಲಿ. ತರಕಾರಿ ಎಷ್ಟು ಬೇಕು, ಗ್ಯಾಸ್ ಯಾವಾಗ ಮುಗೀತು, ಯಾರಿಗೆ ಛುಟ್ಟಿ. ಸಬ್ ಲಿಖ್‌ಕೇ, ಬರೆದೇ ಹಾಕ್ಬೇಕು. ವಾಯ್ಸ್ ಮೆಸೇಜ್ ಚಲೇಗಾ ನಹೀ. ಇಲ್ಲಿಯದು, ನಮ್ಮ ಠಾಣೆ ಹೋಟೆಲಿಂದು ಸೇರಿ ನಲವತ್ತು ಜನರ ಆಡಿಯೋ ಕೇಳ್ತಾ ಕೂರಕ್ಕೆ ನನಗೆ ಟೈಮಿಲ್ಲ."

ಆಮೇಲೆ ಇನ್ನೊಂದು ಮಾತು ಹೇಳಿದ. ದೀಪಾವಳಿ ಕಳೆದು ಸಾನಪಾಡಾದಲ್ಲಿ ಹೊಸ ಹೋಟೆಲ್ ತೆರೆಯುತ್ತದೆ. ಮ್ಯಾನೇಜರ್ ಇಲ್ಲಿಂದಲೇ. ಗ್ರೂಪ್‌ನಲ್ಲಿ ಯಾರ ಕೆಲಸ ಸರಿಯಾಗಿ ಕಾಣುತ್ತದೋ ಅವರಿಗೆ.

ಎಲ್ಲರೂ ಜಯಶೀಲನ ಕಡೆ ನೋಡಿದರು. ಕಾರ್ಕಳದ ಕಡೆಯವ, ಹದಿನೆಂಟು ವರ್ಷದ ಸರ್ವಿಸ್. ಮೂರನೇ ಟೇಬಲಿನ ಪಾಟೀಲರಿಗೆ ಇಡ್ಲಿಗೆ ಸಾಂಬಾರ್ ತಾಗಬಾರದು, ಬ್ಯಾಂಕಿನ ಹೆಂಗಸಿಗೆ ಚಹಾ ಅರ್ಧವೇ ಸಾಕು ಎಂದೆಲ್ಲ ತಲೆಯಲ್ಲಿಟ್ಟುಕೊಂಡವ. ಸಾನಪಾಡಾ ಅವನಿಗೇ ಎಂದು ಧಣಿಗಳು ಎರಡು ವರ್ಷದಿಂದ ಬಾಯಿಬಿಟ್ಟು ಹೇಳಿದ್ದರು. ಜಯಶೀಲ ಮಾತ್ರ ತನ್ನ ಬಲಗೈ ನೋಡಿಕೊಂಡ. ಯಾಕೆಂದು ಗೊತ್ತಿದ್ದದ್ದು ನನಗೊಬ್ಬನಿಗೆ.

ಅವನಿಗೆ ಬರೆಯಲು ಬರುತ್ತಿರಲಿಲ್ಲ. ಪೇಪರನ್ನು ನನಗಿಂತ ಚೆನ್ನಾಗಿ ಓದುತ್ತಾನೆ. ಹತ್ತನೇ ಕ್ಲಾಸಿನವರೆಗೆ ಕೂತವನು. ಪಾಠವೆಲ್ಲ ಬಾಯಲ್ಲಿ ಇತ್ತಂತೆ, ಪೇಪರಿನ ಮೇಲೆ ಬರಲಿಲ್ಲ. ಪೆನ್ನು ಹಿಡಿದರೆ ಅಕ್ಷರ ಒಂದರ ಮೇಲೊಂದು ಬೀಳುತ್ತದೆ, ಒತ್ತು ಎಲ್ಲೋ ಹೋಗುತ್ತದೆ, ಕೈ ಬೆವರುತ್ತದೆ. ಫೋನಿನ ಕೀ ಒತ್ತಿದರೂ ಅದೇ ಕಥೆ. ಮೇಷ್ಟ್ರು ಸೋಮಾರಿ ಎಂದು ಕೈ ಗೆಣ್ಣಿಗೆ ಹೊಡೆದರು. ಇಲ್ಲಿಗೆ ಬಂದ ವರ್ಷ ರಜೆ ಚೀಟಿ ಬೇಕಾದಾಗ ಹಿಂದಿನ ಮೆಟ್ಟಿಲಿಗೆ ನನ್ನನ್ನು ಕರೆದ.

"ಕಿಟ್ಟಣ್ಣ, ಒಂದು ಚೀಟಿ ಬರೆದು ಕೊಡ್ತೀರಾ? ಯಾರಿಗೂ ಹೇಳ್ಬೇಡಿ."

"ನಾನು ಮೂರನೇ ಕ್ಲಾಸು ಮಾರಾಯ. ನೀನು ಹತ್ತು."

"ನಿಮ್ಮ ಮೂರು ನನ್ನ ಹತ್ತಕ್ಕಿಂತ ದೊಡ್ಡದು," ಎಂದು ನಕ್ಕ. ನಕ್ಕದ್ದು ಬಾಯಿ ಮಾತ್ರ.

ಆಗ ಬರೆಯದೆಯೂ ಕೆಲಸ ನಡೆಯುತ್ತಿತ್ತು. ನಮ್ಮಲ್ಲಿ ಆರ್ಡರ್ ಬರೆಯುವ ಪದ್ಧತಿಯೇ ಇರಲಿಲ್ಲ. ವೇಟರ್ ಟೇಬಲಿನ ಹತ್ತಿರ ನಿಂತೇ ಒಳಗೆ ಕೂಗುತ್ತಿದ್ದ: "ಎರಡು ಸಾದಾ, ಒಂದು ಕಡಕ್ ಮಸಾಲೆ!" ಒಳಗಿನವನು ಅದನ್ನೇ ತಿರುಗಿ ಕೂಗಬೇಕು. ತಿರುಗಿ ಕೂಗಿದರೆ ಮುಟ್ಟಿತು ಎಂದು ಅರ್ಥ, ಇಲ್ಲದಿದ್ದರೆ ವೇಟರ್ ಇನ್ನೊಮ್ಮೆ ಕೂಗುತ್ತಾನೆ. ಜಯಶೀಲನ ಗಂಟಲು ಎಂಥದ್ದೆಂದರೆ, ಗ್ರೈಂಡರ್ ತಿರುಗುವಾಗಲೂ ನನಗೆ ಒಂದಕ್ಷರ ತಪ್ಪುತ್ತಿರಲಿಲ್ಲ.

ಅವನು ಹೊಸಬನಿದ್ದಾಗ ಒಂದು ಭಾನುವಾರ ನಾಲ್ಕನೇ ಟೇಬಲಿಗೆ ಮಸಾಲೆ ಕೂಗಿದ. ಗಿರಾಕಿ ಮನಸ್ಸು ಬದಲಿಸಿ ಇಡ್ಲಿ ಎಂದ. "ಮಸಾಲೆ ಕ್ಯಾನ್ಸಲ್!" ಎಂದು ಇವನು ಕೂಗಿದ. ನಾನು ಹಿಟ್ಟು ಹೊಯ್ದಾಗಿತ್ತು. ಪ್ರೇಮನಾಥರು ಗಲ್ಲಾದಿಂದ ಇಳಿದು ಬಂದರು. ಆಗ ಅವರ ಮೀಸೆ ಇನ್ನೂ ಕಪ್ಪು. ಬೈಯಲಿಲ್ಲ. ಇವನನ್ನು ಗಿರಾಕಿಗಳ ನಡುವೆ ಕೂರಿಸಿ ಆ ದೋಸೆ ಇವನ ಮುಂದೆ ಇಟ್ಟರು.

"ತಿನ್ನು. ಕೂಗಿದ್ದಕ್ಕೆ ವಾಪಸ್ ಇಲ್ಲ. ಒಳಗಿನವ ನಿನ್ನ ಬಾಯಿ ನಂಬಿ ಹಿಟ್ಟು ಹೊಯ್ದಿದ್ದಾನೆ."

ಎಲ್ಲರೂ ನೋಡುತ್ತಿರುವಾಗ ಹುಡುಗ ಕಣ್ಣೀರು ಇಳಿಸುತ್ತಾ ತಿಂದ. ಅಂದಿನಿಂದ ಅದೇ ನಮ್ಮ ಹೋಟೆಲಿನ ಕಾಯ್ದೆಯಾಯಿತು.

ಈಗ ಮಯೂರನ ಕಾಯ್ದೆ ಬಂತು. ಮೊದಲ ವಾರ ಜಯಶೀಲ ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದ. "ತುರಿಮಣೆ ತಾಗಿತು" ಎಂದ. ಎಷ್ಟು ದಿನ ತಾಗೀತು?

ಅವನನ್ನು ದಾರಿಗೆ ಹಚ್ಚಿದ್ದು ದಾನೇಶ್ವರಿ ಟೀಚರ್. ವಿಜಯಪುರದ ಕಡೆಯವರು, ಇಲ್ಲಿನ ಕನ್ನಡ ಶಾಲೆಯಲ್ಲಿ ಪಾಠ ಮಾಡುವವರು, ನಮ್ಮಲ್ಲಿ ಬೆಳಗಿನ ಕಾಫಿ ಕುಡಿಯುವವರು. ಫೋನ್ ಹಿಡಿದು ಒದ್ದಾಡುತ್ತಿದ್ದ ಅವನನ್ನು ಎರಡು ದಿನ ನೋಡಿದರು. ಮೂರನೇ ದಿನ ಕರೆದರು.

"ಜಯಶೀಲ ಅವರೇ, ಇದಕ್ಕ ಒಂದ್ ಹೆಸರೈತ್ರಿ. ಡಿಸ್‌ಗ್ರಾಫಿಯಾ ಅಂತಾರ. ನನ್ನ ಕ್ಲಾಸಿನ್ಯಾಗೂ ಇಬ್ರು ಅದಾರ. ಸೋಮಾರಿತನ ಅಲ್ಲ, ದಡ್ಡತನಾನೂ ಅಲ್ಲ. ಇಲ್ಲಿ ಮೈಕಿನ ಚಿತ್ರ ಕಾಣತೈತಲ್ಲ, ಅದನ್ನ ಒತ್ತಿ ಮಾತಾಡ್ರಿ. ಅದ ಬರೀತೈತಿ."

ಅವನು ಒತ್ತಿದ. "ನಮಸ್ಕಾರ ಟೀಚರ್" ಎಂದ. ಅಚ್ಚು ಹಾಕಿದ ಹಾಗೆ ಅಕ್ಷರ ಮೂಡಿತು. ಅವನು ಅದನ್ನು ಎಷ್ಟು ಹೊತ್ತು ನೋಡಿದನೆಂದರೆ ಟೀಚರರ ಕಾಫಿ ಆರಿತು.

ಮರುದಿನದಿಂದ ಗ್ರೂಪ್‌ನಲ್ಲಿ ಅವನ ಮೆಸೇಜು ಬರತೊಡಗಿತು. ಉಳಿದವರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಿದ್ದರೆ ಇವನದು ಒತ್ತು ದೀರ್ಘ ಎಲ್ಲ ಇದ್ದ ಕನ್ನಡ. ಬಿಲ್ಲಿಂಗಿನ ಯಶ್ವಂತನಿಗೆ ತಡೆಯಲಿಲ್ಲ.

"ಏನು ಪಂಡಿತರೇ, ಯಾವ ಯಕ್ಷಗಾನದ ಮೇಳದಿಂದ ಬಂದಿರಿ? ಮನೆಯಲ್ಲಿ ಯಾರನ್ನು ಬರೆಯಲಿಕ್ಕೆ ಕೂರಿಸಿದ್ದೀರಿ?"

"ನಿನ್ನ ಮೆಸೇಜು ಓದಲಿಕ್ಕೂ ಒಬ್ಬನನ್ನು ಕೂರಿಸಬೇಕು ಮಾರಾಯ," ಎಂದ ಜಯಶೀಲ. ಎಲ್ಲರೂ ನಕ್ಕರು. ಯಶ್ವಂತ ನಗಲಿಲ್ಲ. ಸಾನಪಾಡಾದ ಮೇಲೆ ಅವನಿಗೂ ಕಣ್ಣಿತ್ತು.

ಆದರೂ ಜಯಶೀಲ ಅದನ್ನು ಕದ್ದೇ ಮಾಡುತ್ತಿದ್ದ. ಹಿಂದಿನ ಮೆಟ್ಟಿಲಿಗೆ ಹೋಗಿ, ಗ್ಯಾಸ್ ಸಿಲಿಂಡರುಗಳ ಮಧ್ಯೆ ನಿಂತು ಫೋನಿಗೆ ಹೇಳುತ್ತಿದ್ದ. ಅಲ್ಲೇ ತಪ್ಪಾಯಿತು. ಕೂಗಿ ಬೆಳೆದವನಲ್ಲವೇ, ಹೇಳಿದ ಮೇಲೆ ಯಾರಾದರೂ ತಿರುಗಿ ಕೂಗಲಿ ಎಂದು ಕಾಯುವ ಅಭ್ಯಾಸ. ಫೋನು ತಿರುಗಿ ಕೂಗುವುದಿಲ್ಲ. ಒಂದು ಶುಕ್ರವಾರ, ನೆಟ್‌ವರ್ಕ್ ಕುಂಟುತ್ತಿದ್ದ ಹೊತ್ತಿನಲ್ಲಿ, "ಬಟಾಟೆ ಇಪ್ಪತ್ತು ಕಿಲೋ" ಎಂದು ಹೇಳಿ ಕಳಿಸಿದ. ಉತ್ತರ ಬರಲಿಲ್ಲ. ಮುಟ್ಟಲಿಲ್ಲವೆಂದುಕೊಂಡು ಇನ್ನೊಮ್ಮೆ, ಆಮೇಲೆ ಮತ್ತೊಮ್ಮೆ ಕಳಿಸಿದ. ಶನಿವಾರ ಬೆಳಿಗ್ಗೆ ಕಲ್ಯಾಣ ಮಾರ್ಕೆಟಿನಿಂದ ಮೂರೂ ಸೇರಿ ಅರವತ್ತು ಕಿಲೋ ಬಟಾಟೆ ಬಂದು ಬಾಗಿಲಲ್ಲಿ ಬಿತ್ತು.

ಮಯೂರ್ ಹನ್ನೊಂದಕ್ಕೆ ಬಂದ. ಆ ಹೊತ್ತಿಗೆ ಏಳೆಂಟು ಟೇಬಲಿನಲ್ಲಿ ಜನ ಇದ್ದರು.

"ಯೇ ಕ್ಯಾ ಹೈ? ಒಂದೇ ಮೆಸೇಜ್ ಮೂರು ಸಲ ಯಾರು ಹಾಕ್ತಾರೆ?"

"ಸಣ್ಣ ಧಣಿ, ಇವರು ಬರೆಯುವುದೇ ಅಲ್ಲ," ಎಂದ ಯಶ್ವಂತ. "ಬೇರೆ ಯಾರೋ ಬರೆದು ಕೊಡ್ತಾರೆ. ಇಲ್ಲಿ ನಿಮ್ಮೆದುರೇ ಬರೆಯಲಿ, ನೋಡುವ."

ಬಿಲ್ಲಿನ ಪ್ಯಾಡು, ಪೆನ್ನು ಮುಂದಿಟ್ಟ. ಮಯೂರ್ ಕೈ ಕಟ್ಟಿ ನಿಂತ. ಅಂದರೆ ಬರೆಯಲೇಬೇಕು.

ಜಯಶೀಲ ಪೆನ್ನು ತೆಗೆದುಕೊಂಡ. ಅವನ ಹಣೆಯಲ್ಲಿ ಬೆವರು ಒಡೆದದ್ದು ನನ್ನ ಸ್ಟೂಲಿನಿಂದಲೂ ಕಂಡಿತು. "ಬ" ಬರೆಯಲು ಹೋದ. ಗೆರೆ ಎಲ್ಲೋ ಸುತ್ತಿ ಎಲ್ಲೋ ನಿಂತಿತು. ಯಶ್ವಂತ ಮೂಗಿನಲ್ಲಿ ನಕ್ಕ. ಆ ನಗುವಿಗೋ ಏನೋ, ಜಯಶೀಲ ಪೆನ್ನಿಗೆ ಮುಚ್ಚಳ ಹಾಕಿ, ಪ್ಯಾಡಿನ ಮೇಲೆ ನೆಟ್ಟಗೆ ಇಟ್ಟ. ಕಿಸೆಯಿಂದ ಫೋನು ತೆಗೆದ. ಮೆಟ್ಟಿಲ ಕಡೆ ಹೋಗಲಿಲ್ಲ. ಗಲ್ಲಾದ ಮುಂದೆಯೇ, ಗಿರಾಕಿಗಳ ಎದುರಲ್ಲೇ, ಹದಿನೆಂಟು ವರ್ಷ ಆರ್ಡರ್ ಕೂಗಿದ ಅದೇ ಗಂಟಲಿನಲ್ಲಿ ಹೇಳಿದ:

"ನಾನು ಜಯಶೀಲ. ನನಗೆ ಓದಲಿಕ್ಕೆ ಬರುತ್ತದೆ, ಕೈಯಲ್ಲಿ ಬರೆಯಲಿಕ್ಕೆ ಬರುವುದಿಲ್ಲ. ಇದಕ್ಕೆ ಡಿಸ್‌ಗ್ರಾಫಿಯಾ ಎನ್ನುತ್ತಾರೆ. ಇಷ್ಟು ವರ್ಷ ಮುಚ್ಚಿಟ್ಟೆ, ಮೊನ್ನೆ ಬೆರಳಿಗೆ ಬ್ಯಾಂಡೇಜ್ ಕಟ್ಟಿ ಸುಳ್ಳು ಹೇಳಿದೆ. ಇನ್ನು ಹೇಳುವುದಿಲ್ಲ. ಗ್ರೂಪ್‌ನಲ್ಲಿ ಬಂದ ಒಂದೊಂದು ಮಾತೂ ನನ್ನದು. ಬಟಾಟೆಯ ತಪ್ಪೂ ನನ್ನದು. ನಾನು ಬಾಯಲ್ಲಿ ಹೇಳುತ್ತೇನೆ, ಫೋನು ಬರೆಯುತ್ತದೆ. ಮುಂದೆಯೂ ಹೀಗೇ ಬರೆಯುತ್ತೇನೆ."

ಕಳಿಸಿದ. ಅಲ್ಲಿದ್ದ ಕೆಲಸದವರೆಲ್ಲರ ಕಿಸೆಯಲ್ಲಿ ಒಟ್ಟಿಗೆ ಫೋನು ಮಿಡಿಯಿತು. ಗಿರಾಕಿಗಳು ಚಮಚ ಕೆಳಗಿಟ್ಟಿದ್ದರು.

ಆಗ ಒಳಗಿನಿಂದ ತರಕಾರಿ ಹೆಚ್ಚುವ ವಿಠಲ ಕೂಗಿದ. ಇಂಡಿ ತಾಲೂಕಿನವ, ಬಂದು ಆರು ವರ್ಷವಾದರೂ ನಾಲ್ಕು ಮಾತು ಆಡಿದವನಲ್ಲ.

"ಜಯಶೀಲಣ್ಣಗ ಕೈಲೆ ಬರಿಯಾಕ ಬರಂಗಿಲ್ಲ! ಬಾಯಿಲೆ ಬರೀತಾನ!" ಒಂದು ಗಳಿಗೆ ಬಿಟ್ಟು ಮತ್ತೆ ಕೂಗಿದ: "ನನಗೂ ಬರಂಗಿಲ್ಲ! ನಾ ಸಾಲಿಗೇ ಹೋಗಿಲ್ಲ!"

ಮುಟ್ಟಿತು ಎಂದು ಅರ್ಥ.

ಮಯೂರ್ ಮುಖ ಕೆಂಪು ಮಾಡಿಕೊಂಡು ಆ ಮೆಸೇಜನ್ನು ಗ್ರೂಪ್‌ನಿಂದ ಅಳಿಸಿಬಿಟ್ಟ. ಆದರೆ ಅಷ್ಟರಲ್ಲಿ ಠಾಣೆಯ ಹೋಟೆಲಿನವರೂ ಓದಿಯಾಗಿತ್ತು. ಮಧ್ಯಾಹ್ನದೊಳಗೆ ಇನ್ನೂ ಮೂವರು ಜಯಶೀಲನನ್ನು ಹಿಂದಿನ ಮೆಟ್ಟಿಲಿಗೆ ಕರೆದು ಮೈಕಿನ ಚಿತ್ರ ಎಲ್ಲಿದೆ ಎಂದು ಕೇಳಿದರು. "ಮೆಟ್ಟಿಲಲ್ಲಿ ಬೇಡ, ಹೊರಗೆ ಬನ್ನಿ," ಎಂದು ಅವನು ಅವರಿಗೆ ಗಲ್ಲಾದ ಪಕ್ಕದಲ್ಲೇ ನಿಂತು ತೋರಿಸಿದ.

ಪ್ರೇಮನಾಥರು ಬಂದದ್ದು ಮಂಗಳವಾರ. ಜಯಶೀಲನನ್ನು ನಾಲ್ಕನೇ ಟೇಬಲಿನಲ್ಲಿ ಎದುರಿಗೆ ಕೂರಿಸಿಕೊಂಡರು. ಮಯೂರ್ ಪಕ್ಕದಲ್ಲಿ ನಿಂತಿದ್ದ.

"ಸಾನಪಾಡಾ ನಿನ್ನದೇ ಮಾರಾಯ," ಎಂದರು. "ಒಂದು ಸಣ್ಣ ಕೆಲಸ ಮಾಡು. ಗ್ರೂಪ್‌ನಲ್ಲಿ ಹೇಳಿಬಿಡು, ಅವತ್ತು ಹೇಳಿದ್ದು ತಮಾಷೆಗೆ, ಕೈಗೆ ಪೆಟ್ಟಾಗಿತ್ತು ಅಂತ. ಬರೆಯಲಿಕ್ಕೆ ಬಾರದವನನ್ನು ಮ್ಯಾನೇಜರ್ ಮಾಡಿದ ಅಂತ ನಾಳೆ ನಮ್ಮವರೇ ಆಡಿಕೊಳ್ತಾರೆ. ಆಮೇಲೆ ಬೇಕಾದರೆ ಫೋನಿಗೇ ಹೇಳು, ಯಾರು ನೋಡ್ತಾರೆ?"

"ಅದು ತಮಾಷೆ ಅಲ್ಲ ಧಣಿಗಳೇ."

"ಗೊತ್ತುಂಟು. ಹೇಳಲಿಕ್ಕೆ ಎಂತ ಹೋಗ್ತದೆ?"

ಜಯಶೀಲ ಎರಡು ವರ್ಷ ಕಾದ ಕೆಲಸ. ಊರಿನ ಅಮ್ಮನಿಗೂ ಹೇಳಿಯಾಗಿತ್ತು. ನನಗೆ ಸ್ಟೂಲಿನಲ್ಲಿ ಕೂರಲಾಗಲಿಲ್ಲ. ಮೊಣಕಾಲು ಹಿಡಿದು ಎದ್ದು ಅಲ್ಲಿಗೆ ಹೋದೆ.

"ಧಣಿಗಳೇ, ಇದು ಅದೇ ಟೇಬಲು."

"ಯಾವುದು?"

"ಇವನಿಗೆ ನೀವು ದೋಸೆ ತಿನ್ನಿಸಿದ್ದು. ಹಿಟ್ಟು ಹೊಯ್ದವ ನಾನು. ಕೂಗಿದ್ದಕ್ಕೆ ವಾಪಸ್ ಇಲ್ಲ ಅಂತ ಅಂದವರು ನೀವು."

ಮೂವತ್ತೊಂದು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

"ಪಪ್ಪಾ, ಇವರಿಗೇನು ಸಂಬಂಧ?" ಎಂದ ಮಯೂರ್.

"ನೀನು ಸುಮ್ಮನಿರು," ಎಂದರು ಅವರು. ಆಮೇಲೆ ಧ್ವನಿ ತಗ್ಗಿಸಿ ನನಗೆ ಹೇಳಿದರು: "ಕಿಟ್ಟಣ್ಣ, ಆಗ ಹೋಟೆಲು ನನ್ನದು. ಈಗ ಹುಡುಗನದು."

ಅಷ್ಟರಲ್ಲಿ ಜಯಶೀಲ ಎದ್ದು ನಿಂತಿದ್ದ.

"ಸಾನಪಾಡಾ ಯಶ್ವಂತನಿಗೆ ಕೊಡಿ ಧಣಿಗಳೇ. ಅವನ ಅಕ್ಷರ ಚೆನ್ನಾಗಿ ಉಂಟು. ನಾನು ಕೂಗಿದ್ದು ಕೂಗಿದ್ದೇ."

ಅಲ್ಲೇ ಫೋನು ತೆಗೆದ. ಅವರಿಬ್ಬರ ಎದುರೇ ಹೇಳಿದ: "ನಾನು ಜಯಶೀಲ. ಗುರುವಾರದ ನಾಷ್ಟಾ ಮುಗಿದ ಮೇಲೆ ಕೆಲಸದಲ್ಲಿ ಇರುವುದಿಲ್ಲ. ಇದು ನನ್ನ ರಾಜೀನಾಮೆ." ಒಂದು ಕಾಲದಲ್ಲಿ ರಜೆ ಚೀಟಿಗೆ ನನ್ನ ಮೂರನೇ ಕ್ಲಾಸು ಬೇಕಾದವನು, ಬಿಡುವ ಚೀಟಿಯನ್ನು ತಾನೇ ಬರೆದ.

ಬುಧವಾರ ಬದಲಾಪುರದ ಒಂದು ಸಣ್ಣ ಹೋಟೆಲಿನ ಮಾಲಕರಿಗೆ ಮೆಸೇಜು ಹಾಕಿದ. ನನಗೆ ಓದಿ ಹೇಳಿದ: "ಕೈಯಲ್ಲಿ ಬರೆಯಲಿಕ್ಕೆ ಬರುವುದಿಲ್ಲ. ಹೇಳಿ ಬರೆಸುತ್ತೇನೆ. ಒಪ್ಪಿಗೆಯಿದ್ದರೆ ಬರುತ್ತೇನೆ." ಮೊದಲನೇ ಸಾಲಿನಲ್ಲೇ ಅದನ್ನು ಹಾಕಿದ್ದ. ಉತ್ತರಕ್ಕೆ ಕಾದ. ಈ ಸಲ ಇನ್ನೊಮ್ಮೆ ಕಳಿಸಲಿಲ್ಲ. ಸಂಜೆ ಒಂದೇ ಶಬ್ದ ಬಂತು: "ಬನ್ನಿ."

"ಕಿಟ್ಟಣ್ಣ, ಅಲ್ಲಿ ಹನ್ನೊಂದೇ ಟೇಬಲು. ಕಾವಲಿಗೆ ಜನ ಇದ್ದಾರಂತೆ, ಹಿಟ್ಟಿನ ಹದ ನೋಡುವವರು ಇಲ್ಲವಂತೆ."

"ಸ್ಟೂಲು ಉಂಟಾ?"

"ಕೇಳ್ತೇನೆ," ಎಂದು ಫೋನು ಬಾಯಿಯ ಹತ್ತಿರ ಹಿಡಿದ.

ಗುರುವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ, ನಾಷ್ಟಾದವರು ಎದ್ದ ಮೇಲೆ, ಜಯಶೀಲ ಹೋದ. ಅವನ ಹಿಂದೆ ನಾನೂ ಹೋದೆ.