ಫೋಟೋದ ಹಣೆಗೆ ಹಚ್ಚಿದ ಕುಂಕುಮ

ಸೀನು ಬಂತು, ಬಂತು, ಬರಲಿಲ್ಲ — ಬ್ಯಾಡಗಿ ಹತ್ತಿರವಾಯಿತು ಅನ್ನಲು ಬೋರ್ಡು ಓದಬೇಕಾಗಿಲ್ಲ, ಮೂಗೇ ಹೇಳುತ್ತದೆ, ಬೋಗಿಯ ತುಂಬ ಒಬ್ಬರಾದ ಮೇಲೊಬ್ಬರು ಸೀನುತ್ತಿದ್ದಾರೆ, ಎದುರಿನ ಸೀಟಿನ ಮುದುಕ ಟವೆಲಿನೊಳಗೆ ಮುಖ ಹುಗಿದುಕೊಂಡು ಮೆಣಸಿನಕಾಯಿಯ ವಂಶವನ್ನೇ ಬೈಯುತ್ತಿದ್ದಾನೆ, ಯಲ್ಲೇಶ ಮಾತ್ರ ಸೀನುವಂತಿಲ್ಲ, ಸೀನಿದರೆ ಮೈ ಅಲುಗುತ್ತದೆ, ಅಂಗಿಯೊಳಗೆ ಎದೆಗೆ ಒತ್ತಿಕೊಂಡ ಐಟಿಐ ಸರ್ಟಿಫಿಕೇಟು ಮುದುಡುತ್ತದೆ, ಆ ಒಂದು ಹಾಳೆ ಇಲ್ಲದಿದ್ದರೆ ನಾಳೆ ಗೋವಾದಲ್ಲಿ ಹಡಗಿನ ಟ್ರೇನಿಂಗಿನವರು ಗೇಟು ದಾಟಲು ಬಿಡುವುದಿಲ್ಲ, ಒರಿಜಿನಲ್ಲೇ ಬೇಕು, ಅದರ ಫೋಟೋ ನಿನ್ನ ಮುಖಕ್ಕೆ ತಾಳೆಯಾಗಬೇಕು, ಫೋನಿನಲ್ಲಿ ಅಲ್ಲಿನ ಹೆಂಗಸೊಬ್ಬಳು ಎರಡು ಸಲ ಹೇಳಿದ್ದಳು, ಮುಖಕ್ಕೆ, ಅಂದಿದ್ದಳು, ಯಾವ ಮುಖಕ್ಕೆ — ಮೂರು ಆಯುಧಪೂಜೆಯ ಕುಂಕುಮ ತಿಂದ ಮುಖ ಅದು, ಹಣೆಯಿಂದ ಇಳಿದ ಕೆಂಪು ಎರಡೂ ಹುಬ್ಬು ನುಂಗಿ ಈಗ ಕಣ್ಣಿಗೂ ಇಳಿದಿದೆ.

ನಿನ್ನ ಕಾಗದ ನನ್ನ ಹತ್ರ ಇರ್ಲಿ, ಅಂದಿದ್ದ ಪುಂಡಲೀಕ ಮಿಸ್ತ್ರಿ, ರಾಣೇಬೆನ್ನೂರಿನ ಲೇತು ವರ್ಕಶಾಪಿನಲ್ಲಿ ಅಪ್ರೆಂಟಿಸ್ ಆಗಿ ಸೇರಿದ ಮೊದಲ ದಿನವೇ, ಕಲಿತು ಓಡಿಹೋಗೋರು ಭಾಳ ಆಗ್ಯಾರ, ಅನ್ನುತ್ತ ಅದನ್ನು ದೇವರ ಮಾಡಿನಲ್ಲಿಟ್ಟ, ಮತ್ತೆ ಆಯುಧಪೂಜೆಗೆ ವೈಸು, ಡ್ರಿಲ್ಲು, ಸ್ಪ್ಯಾನರು ಎಲ್ಲ ಸಾಲಾಗಿ ಜೋಡಿಸಿದವನು ಸ್ಪ್ಯಾನರುಗಳ ಪಕ್ಕಕ್ಕೆ ಅದನ್ನೂ ಇಟ್ಟು, ಎಣ್ಣೆಯಲ್ಲಿ ಕಲಸಿದ ಕುಂಕುಮ ಲೇತಿಗೆ ಹಚ್ಚಿದ ಬೆರಳಿನಿಂದಲೇ ಫೋಟೋದ ಹಣೆಗೂ ಹಚ್ಚಿದ, ಮಿಸ್ತ್ರಿ ಅದು ನಾನ್ರೀ, ಅಂದರೆ, ಗೊತ್ತಲೇ, ನನ್ನ ಸಾಮಾನಿಗೆಲ್ಲ ಪೂಜಿ ಆಗಬೇಕಲ್ಲ, ಅಂದು ನಕ್ಕ, ಎಲ್ಲರೂ ನಕ್ಕರು, ಯಲ್ಲೇಶನೂ ನಕ್ಕಿದ್ದ, ಆ ನಗುವಿಗೆ ಇವತ್ತಿಗೂ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಮನೆಯಲ್ಲಿ ಹೇಳಿದರೆ ಅವ್ವ ನಗಲಿಲ್ಲ, ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು, ಗ್ವಾಡಿಮ್ಯಾಗಿನ ನಿಮ್ಮಪ್ಪನ ಫೋಟೋಕ್ಕ ಹಚ್ಚತೇನೋ ನಾನು ಹಂಗ, ಅಂದಳು, ಜೀವ ಇದ್ದವರಿಗೆ ಯಾರು ಹಚ್ಚತಾರ. ಮೂರು ವರ್ಷ ಏನು ಕಲಿಸಿದ, ಕಬ್ಬಿಣದ ಚೂರು ಗುಡಿಸುವುದು, ಚಹಾ ತರುವುದು, ಅವನ ಬೈಕು ತೊಳೆಯುವುದು, ಲೇತು ಕಲಿತದ್ದು ಅವನು ಉಂಡು ಮಲಗಿದ ಮಧ್ಯಾಹ್ನದ ಎರಡು ತಾಸುಗಳಲ್ಲಿ, ಕಳ್ಳನ ಹಾಗೆ, ಗೊರಕೆಗೆ ಒಂದು ಕಿವಿ ಕೊಟ್ಟು, ಬಾಜೂಕಿನ ವೆಲ್ಡಿಂಗ್ ಅಂಗಡಿಯ ಶಮಶೇರಸಾಬ ಎಲ್ಲ ನೋಡುತ್ತಿದ್ದ, ಹನ್ನೆರಡು ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ಬೆವರು ಸುರಿಸಿ ಬಂದ ಮನುಷ್ಯ, ಅಲ್ಲೇನು ಸ್ವರ್ಗ ಇಲ್ಲೋ ತಮ್ಮಾ, ಅಂದಿದ್ದ, ಅಲ್ಲೂ ಬೈತಾರ, ಅಲ್ಲೂ ಸುಡತೈತಿ, ಖರೇ ಹೇಳ್ತೇನಿ ವಾಂತಿ ಮಾಡಿ ಮಾಡಿ ಕರಳು ಬಾಯಿಗೆ ಬರತೈತಿ, ಆದ್ರ ಕರಾರು ಮುಗದ ತಾರೀಖಿಗೆ ಕೆಳಗ ಇಳಸ್ತಾರ, ನಿನ್ನ ಕಾಗದ ನಿನ್ನ ಕಿಸೇದಾಗ. ನಿನ್ನ ಕಾಗದ ನಿನ್ನ ಕಿಸೆಯಲ್ಲಿ — ಸಮುದ್ರ ಯಾವ ಬಣ್ಣ ಅಂತ ಕೂಡ ಯಲ್ಲೇಶ ಕೇಳಲಿಲ್ಲ, ಅಷ್ಟು ಸಾಕಾಗಿತ್ತು. ಇವತ್ತು ಮುಂಜಾನೆ ಮಿಸ್ತ್ರಿ ಊದಿನಕಡ್ಡಿ ಹಚ್ಚುತ್ತಿರುವಾಗಲೇ ಮಾಡಿಗೆ ಕೈಹಾಕಿ ಕಾಗದ ಎಳೆದುಕೊಂಡ, ಎಲ್ಲಿಗಲೇ, ಹಡಗಿಗ್ರೀ, ಹಡಗಿಗೆ! ಮೇಡ್ಲೇರಿ ಹೊಳ್ಯಾಗ ಹರಿಗೋಲು ಅಲ್ಲಾಡಿದ್ರ ಅವ್ವನ ಸೀರಿ ಹಿಡಕೊಳ್ಳೋ ಮಗ ಹಡಗಿಗೆ ಹೊಂಟಾನ ನೋಡ್ರೋ, ಐದು ವರ್ಷದ ಬಾಂಡ್ ಐತಿ, ಇನ್ನಾ ಎರಡು ಬಾಕಿ, ಕಲಿಸಿದವ ನಾನು, ಆ ಕೈ ನಂದು, ಅಂದ ಮಿಸ್ತ್ರಿ. ಕೈ ನಿಮ್ದಾದ್ರ ಗಾಯ ಯಾರ ಕೈಮ್ಯಾಲ ಅದಾವ ನೋಡ್ರಿ ಮಿಸ್ತ್ರಿ, ಅಂದುಬಿಟ್ಟಿದ್ದ, ಅಂದದ್ದು ತಾನೇ ಹೌದೋ ಅಲ್ಲವೋ ಅಂತ ಸ್ಟೇಷನ್ನಿನ ತನಕ ಓಡುತ್ತ ಮತ್ತೆ ಮತ್ತೆ ಅಂದು ನೋಡಿದ್ದ.

ಗಾಡಿ ನಿಂತಿತು, ಕಿಟಕಿಗೆ ಅವ್ವ, ಸುಗ್ಗಿ ಮುಗಿಯುವ ತನಕ ಬ್ಯಾಡಗಿಯಲ್ಲೇ ಇದ್ದು ಮೆಣಸಿನಕಾಯಿ ತೊಟ್ಟು ಬಿಡಿಸುವ ಜಯವ್ವ, ಮಗನ ಫೋನಿಗೆ ಕೆಲಸದಿಂದಲೇ ಎದ್ದು ಬಂದಿದ್ದಾಳೆ, ಸರಳಿನ ಸಂದಿಯಲ್ಲಿ ರೊಟ್ಟಿಯ ಗಂಟು ತೂರಿಸುವ ಬೆರಳು ಉಗುರಿನ ಬುಡದ ತನಕ ಕೆಂಪು, ತೋರಸು, ಅಂದಳು, ತೋರಿಸಿದ, ಫೋಟೋದ ಮೇಲೆ ಬೆರಳು ತಂದವಳು ಮುಟ್ಟದೆ ಹಿಂದಕ್ಕೆ ತೆಗೆದಳು, ನನ್ನ ಕೈ ಖಾರ ಐತಿ, ನೀನೂ ಒರಸಬ್ಯಾಡ, ಫೋಟೋದ ಚರ್ಮಾನೂ ಕಿತ್ತಕೊಂಡ ಬರತೈತಿ, ಮತ್ತೆ ದನಿ ತಗ್ಗಿಸಿ, ಮಿಸ್ತ್ರಿ ನಿಮ್ಮ ಮಾವಗ ಫೋನ್ ಮಾಡ್ಯಾನ, ಮಾವ ನನಗ ಮಾಡಿದ್ದ, ಹಾವೇರ್ಯಾಗ ನಿಂತಿರ್ತಾನ, ಇಳೀಬ್ಯಾಡ. ಅವ್ವಾ, ನೀ ಒಬ್ಬಾಕಿ — ಒಬ್ಬಾಕಿ ಇರಾಕ ನನಗ ಯಾರೂ ಕಲಿಸಬೇಕಾಗಿಲ್ಲ, ಹೋಗು, ಗಾಡಿ ಹೊರಟರೂ ಅವಳು ಕೈ ಬೀಸಲಿಲ್ಲ, ಕಣ್ಣೊರೆಸಿಕೊಳ್ಳಲೂ ಇಲ್ಲ, ಆ ಬೆರಳಿನಿಂದ ಹೇಗೆ ಒರೆಸಿಕೊಂಡಾಳು.

ಹೊಲ, ಹೊಲ, ಹೈವೇ ಲಾರಿಗಳು, ಹಾವೇರಿ, ಸುಭಾಷ ಮಾವ ಹೌದು, ಕೋರ್ಟಿನ ಎದುರು ಟೈಪ್ ಮಷಿನ್ನು ಬಡಿಯುವ ಮಾವ, ಒಂದೊಂದೇ ಕಿಟಕಿ ಇಣುಕುತ್ತ ಬರುತ್ತಿದ್ದಾನೆ, ಬಾಂಡ್ ಟೈಪ್ ಮಾಡಿದ್ದೂ ಅವನೇ, ಅಪ್ಪ ಇಲ್ಲದ ಹುಡುಗ ಅಂತ ಸಹಿ ಹಾಕಿದ್ದೂ ಅವನೇ, ಪಾಯಖಾನೆಯಲ್ಲಿ ಅಡಗಬಹುದು, ಮೂರು ವರ್ಷ ಮಧ್ಯಾಹ್ನ ಕಳ್ಳನಾಗಿದ್ದು ಸಾಕು, ಯಲ್ಲೇಶ ಎದ್ದು ಬಾಗಿಲಿಗೇ ಹೋಗಿ ನಿಂತ, ಇಳೀಲೇ ಕೆಳಗ, ಅಂದ ಮಾವ, ಮಾನ ಕಳೀಬ್ಯಾಡ, ನಾ ಮಾತು ಕೊಟ್ಟೇನಿ, ನಾ ಸಹಿ ಮಾಡೇನಿ. ಸಹಿ ನೀ ಮಾಡೀದಿ ಅಂದ್ರ ನೀನ ಹೋಗು ಮಾವಾ, ಎರಡು ವರ್ಷ ಕಸಾ ಹೊಡಿ, ಮುಂದಿನ ದಸರಾಕ್ಕ ನಿನ್ನ ಹಣಿಗೂ ಹಚ್ಚತಾನ. ಮಾವನ ಕೈ ಅಂಗಿಗೆ ಬಂತು, ಗುಂಡಿ ಕಿತ್ತಿತು, ಗಾಡಿ ಅಲುಗಿತು, ಮಾವ ನಾಕು ಹೆಜ್ಜೆ ಓಡಿದ, ಐದನೆಯದು ಓಡಲಿಲ್ಲ.

ಸೀಟಿಗೆ ಬಂದು ಕೂತರೆ ಆಗ ಬಂತು ಸೀನು, ಒಂದರ ಹಿಂದೆ ಇನ್ನೊಂದು, ಮುದುಕ ನಕ್ಕು ನೀರಿನ ಬಾಟಲಿ ಚಾಚಿದ, ತಗೋ ಕುಡೀ ತಮ್ಮಾ, ಕುಡಿಯಲಿಲ್ಲ, ಕರ್ಚೀಫು ತೋಯಿಸಿದ, ಒರಸಬ್ಯಾಡ ಅಂದಿದ್ದಳು ಅವ್ವ, ಒರೆಸದಿದ್ದರೆ ನಾಳೆ ಗೋವಾದವರ ಮೇಜಿನ ಮೇಲೆ ಪುಂಡಲೀಕನ ಸ್ಪ್ಯಾನರೊಂದು ಕೂತಿರುತ್ತದೆ, ಒರೆಸಿದ, ಮೆಲ್ಲಗೆ, ಕಣ್ಣು ಬಂತು, ಇನ್ನೊಂದು ಕಣ್ಣು, ಹುಬ್ಬು, ಮೂಗು ಮೊದಲೇ ಇತ್ತು, ಸಾಕು ಇಷ್ಟು ಸಾಕು, ನೋಡಲಿ ಫೋಟೋ ನೋಡಲಿ ಮುಖ ನೋಡಲಿ, ಇವನಲ್ಲ ಅನ್ನಲಿ ಯಾವನಾದರೂ, ಕರ್ಚೀಫಿನ ತುಂಬ ಕೆಂಪು, ಕೆಂಪಿನ ಜೊತೆ ಚರ್ಮವೂ ಬಂದಿದೆ, ಅವ್ವ ಹೇಳಿದ ಹಾಗೇ, ಎರಡು ಕಣ್ಣು ನೆಟ್ಟಗೆ ನೋಡುತ್ತಿವೆ, ಅವುಗಳ ಮೇಲೆ, ಹಣೆ ಇದ್ದ ಜಾಗದಲ್ಲಿ, ಕುಂಕುಮ ಇದ್ದ ಜಾಗದಲ್ಲಿ, ಬಿಳಿ, ಬರೀ ಬಿಳಿ, ಯಾರೂ ಮುಟ್ಟದ ಕಾಗದ —