ಹೊಳೆಗಾಗಿ ಒಂದು ಚೀಟಿ

ಸೂಜಿಯ ಕಣ್ಣಿಗೆ ದಾರ ಮತ್ತೆ ತಪ್ಪಿತು, ಇನ್ನೊಂದು ಅಂಚು ಉಳಿದಿದೆ, ಒಂದೇ ಒಂದು, ಆಮೇಲೆ ಮೂರು ನಿಲುವಂಗಿಯೂ ಸಿದ್ಧ — ಬಿಳಿ ಬಟ್ಟೆ ನೀರಿನಲ್ಲಿ ಉಬ್ಬಿ ಮೇಲೇಳಬಾರದೆಂದು ಅಂಚಿನೊಳಗೆ ಗೋಲಿಯಷ್ಟು ಕಲ್ಲುಗಳನ್ನಿಟ್ಟು ಹೊಲಿಯುವುದು ಅಮ್ಮನ ಕೆಲಸವಾಗಿತ್ತು, ಅಮ್ಮ ಹೋದ ಮೇಲೆ ನನ್ನದು, ಮಾತಾಡದೆ ಮಾಡಬಹುದಾದ ಕೆಲಸವೆಲ್ಲ ಈ ಮನೆಯಲ್ಲಿ ನನ್ನದೇ. ಗೋಡೆಯಾಚೆ ಚರ್ಚಿನಲ್ಲಿ ಸಭೆಯ ಬೆಂಚುಗಳನ್ನು ಎಳೆಯುವ ಸದ್ದು, ಅಪ್ಪ ಇವತ್ತಿನ ಪ್ರಸಂಗವನ್ನು ತಮಗೇ ಹೇಳಿಕೊಳ್ಳುತ್ತಿದ್ದಾರೆ, ಈ ಸಭೆಯ ಪಾಲಕರು ಅವರೇ, ಆದರೆ ಪ್ರಸಂಗ ಮಾಡುವ ಗಂಟಲಲ್ಲ ಅದು, ತಂಗಿ ಹೋದಂದಿನಿಂದ ಮಾತಿನ ನಡುವೆ ಗಾಳಿ ಮಾತ್ರ ಬರುತ್ತದೆ, ಆದರೂ ಬಿಡಲೊಲ್ಲರು, ಹತ್ತಕ್ಕೆ ಗಂಟೆ ಹೊಡೆದರೆ ಮೂವರು ಈ ಬಟ್ಟೆ ತೊಟ್ಟು ಹಿತ್ತಲಿನ ಹೊಳೆಗೆ ಇಳಿಯುತ್ತಾರೆ, ದೀಕ್ಷಾಸ್ನಾನಕ್ಕೆ, ತಂಗಿ ಇಳಿದ ಹಾಗೆ, ಅದೇ ಮೆಟ್ಟಿಲಿಂದ, ಮತ್ತು ಅದು ಎಂಥ ನೀರೆಂದು ಈ ಸಭೆಯಲ್ಲಿ ಗೊತ್ತಿರುವುದು ನನಗೊಬ್ಬಳಿಗೇ, ಹೇಳಬೇಕು, ಗಂಟೆಗೆ ಮೊದಲು ಹೇಳಬೇಕು.

ಗೊತ್ತು ಎಂದರೆ ಊಹೆಯಲ್ಲ, ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನಗೆ ಕೆಲಸ, ದಿನವಿಡೀ ಸೀಸೆಗಳು, ತುಂಬು, ಲೇಬಲ್ ಅಂಟಿಸು, ಬೆಚ್ಚಗಿನ ಪೆಟ್ಟಿಗೆಯಲ್ಲಿಡು, ಮರುದಿನ ನೋಡು, ಸೀಸೆಗಳು ನನ್ನನ್ನು ಮಾತಾಡಿಸುವುದಿಲ್ಲ, ಅದಕ್ಕೇ ಇಷ್ಟ — ಹೊಳೆಯಲ್ಲಿ ನೊರೆ ಕಂಡು, ಮೀನುಗಳು ಬೆಳ್ಳಗೆ ಮಗುಚಿದ್ದು ಕಂಡು, ಯಾರಿಗೂ ಹೇಳದೆ ಒಂದು ಸೀಸೆ ತುಂಬಿಕೊಂಡು ಹೋದೆ, ಎರಡನೇ ದಿನ ನೋಡಿದರೆ ಸೀಸೆಯ ತುಂಬ ಕೊಳಚೆಯ ರೋಗಾಣು, ಮೇಲಿನ ಬಡಾವಣೆಯ ಚರಂಡಿಯನ್ನೆಲ್ಲ ಇದಕ್ಕೇ ತಿರುಗಿಸಿದ್ದಾರೆ, ಕಸಾಯಿಖಾನೆ ತೊಳೆದ ನೀರೂ ಸೇರಿ. ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ, ಅಪ್ಪ ಆ ಹೊಳೆಯಲ್ಲೇ ದೀಕ್ಷೆ ಪಡೆದವರು, ಅವರಪ್ಪನೂ ಅಲ್ಲೇ, ಅದನ್ನು ಕೊಳಚೆ ಎಂದು ಯಾವ ಬಾಯಲ್ಲಿ ಹೇಳಲಿ, ದಿನಚರಿಯಲ್ಲಿ ಬರೆದೆ, ಹರಿದೆ, ಕೊನೆಗೆ ಒಂದು ಚೀಟಿಯಲ್ಲಿ — ಹೊಳೆಯ ನೀರು ಕೆಟ್ಟಿದೆ, ದಯವಿಟ್ಟು ಗಮನಿಸಿ — ಇಳಿಯಬೇಡಿ ಎಂದು ಬರೆಯುವ ಧೈರ್ಯವಾಗಲಿಲ್ಲ, ಹೆಸರೂ ಹಾಕಲಿಲ್ಲ, ಬಾಗಿಲ ಬಳಿಯ ಪ್ರಾರ್ಥನೆ ಪೆಟ್ಟಿಗೆಯೊಳಗೆ ಹಾಕಿ ಬಂದೆ, ಎಂಥ ಜಾಣೆ ನಾನು. ಆ ಪೆಟ್ಟಿಗೆಯೊಳಗೆ ಹೋದದ್ದೆಲ್ಲ ಪ್ರಾರ್ಥನೆಯಾಗಿಯೇ ಹೊರಬರುತ್ತದೆ, ಮಂಡಿನೋವು, ಮಗಳ ಮದುವೆ, ಕುಡಿತ ಬಿಡದ ಗಂಡ, ಅವುಗಳ ನಡುವೆ ನನ್ನ ಚೀಟಿ, ಸಭೆಯ ಹಿರಿಯರು ಕನ್ನಡಕ ಏರಿಸಿಕೊಂಡು ಓದಿದರು, ಯಾರೋ ಪಾಪ ಹೊಳೆ ಬಗ್ಗೆ ಮನಸ್ಸಲ್ಲಿ ಭಾರ ಹೊತ್ಕೊಂಡು ಬರ್ದಿದ್ದಾರೆ, ಎಲ್ಲರೂ ಎದ್ದು ನಿಲ್ಲೋಣ, ನಿಂತೆವು, ಕರ್ತನೇ ಈ ನೀರನ್ನು ಮುಟ್ಟಿ ವಾಸಿಮಾಡು, ಇಡೀ ಸಭೆ ಆಮೆನ್ ಎಂದಿತು, ನಾನೂ ಎಂದೆ, ಅಲ್ಲಿಗೆ ಮುಗಿಯಿತು, ಪ್ರಾರ್ಥಿಸಿದ ಮೇಲೂ ಇಳಿಯಲು ಹೆದರಿದರೆ ಅದು ಅವಿಶ್ವಾಸ, ಹಾಗೆಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಭಾನುವಾರ ಶಾಲೆಯಲ್ಲಿ ಅಪ್ಪನೇ ಕಲಿಸಿದ್ದು, ದೇವರು ತೋಟ ಕೊಟ್ಟಿದ್ದು ಕಾಯೋದಕ್ಕೆ ಮಕ್ಕಳೇ, ಬರೀ ತಿನ್ನೋದಕ್ಕಲ್ಲ, ಹೊಳೆಯನ್ನು ಕಾಯುವವರು ಯಾರೆಂದು ನಾವು ಯಾರೂ ಕೇಳಲಿಲ್ಲ, ಊರು ತನ್ನ ಹೊಲಸು ಬಿಟ್ಟಿತು, ನಾವು ನಮ್ಮ ಪಾಪ ಬಿಟ್ಟೆವು, ಎರಡನ್ನೂ ಹೊತ್ತು ಅದು ಮೂಕದನದ ಹಾಗೆ ಹರಿಯಿತು, ಮೂಕವಾಗಿದ್ದದ್ದು ಅದೊಂದೇ ಅಲ್ಲ.

ತಂಗಿಗೆ ಹದಿನೇಳು, ನನ್ನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುವಳು, ಏನೇ ಅಕ್ಕಾ, ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತಾ, ಆ ಬೆಳಿಗ್ಗೆ ಇದೇ ಕೋಣೆಯಲ್ಲಿ ಈ ಅಂಗಿ ತೊಟ್ಟು ಒಂದು ಸುತ್ತು ಹಾಕಿದಳು, ಹೇಗಿದೀನಿ, ದಿಂಬಿನ ಕವರ್ ಅಂದ್ರೆ ನೋಡು ಮತ್ತೆ, ನಾನು ನಕ್ಕೆ, ಆಗ ಹೇಳಬಹುದಿತ್ತು, ನಾವಿಬ್ಬರೇ ಇದ್ದೆವು, ಮುಳುಗಿಸುವಾಗ ಬಾಯಿ ಗಟ್ಟಿ ಮುಚ್ಕೊಂಡಿರು ಎಂದೆ, ಅಷ್ಟನ್ನೇ ಹೇಳಿದೆ, ಅಪ್ಪ ಅವಳ ಬೆನ್ನಿಗೆ ಕೈಕೊಟ್ಟು ಮುಳುಗಿಸಿ ಎತ್ತಿದರು, ಕೂದಲಿಂದ ನೀರು, ನಗು, ಕೈಯ ಹಿಂಬದಿಯಿಂದ ಬಾಯಿ ಒರೆಸಿಕೊಂಡಳು, ದಡದಲ್ಲಿದ್ದ ನನ್ನತ್ತ ನೋಡಿ — ಹತ್ತನೇ ದಿನ ಜ್ವರ, ಮೀನಖಂಡ ಹಿಂಡುವ ನೋವು, ಕಣ್ಣು ಹಳದಿ, ಆಸ್ಪತ್ರೆಯ ಹಸಿರು ಪರದೆ, ಈಚೆಗೆ ಕೊಳಚೆ ನೀರಿಗೇನಾದ್ರೂ ಇಳಿದಿದ್ದಳಾ, ಚೆನ್ನಾಗಿ ಯೋಚನೆ ಮಾಡಿ ಹೇಳಿ, ಯಾವ ಔಷಧಿ ಅನ್ನೋದು ಅದರ ಮೇಲೇ ಇದೆ, ಇಲ್ಲ ಡಾಕ್ಟ್ರೇ, ಅಪ್ಪ ಒಂದು ಕ್ಷಣವೂ ತಡೆಯಲಿಲ್ಲ, ಅಂಥ ನೀರಿಗೆಲ್ಲ ನಮ್ಮ ಹುಡುಗಿ ಹೋಗಲ್ಲ. ಸುಳ್ಳಲ್ಲ ಅದು, ಅಪ್ಪ ಸುಳ್ಳು ಹೇಳುವವರಲ್ಲ, ದೀಕ್ಷೆಯ ನೀರು ಅವರ ಮನಸ್ಸಿನಲ್ಲಿ ನೀರಿನ ಲೆಕ್ಕಕ್ಕೇ ಬರುವುದಿಲ್ಲ, ಡಾಕ್ಟರು ನನ್ನತ್ತ ತಿರುಗಿದರು, ನೀವೇನಮ್ಮಾ, ಅಪ್ಪನ ಮಾತು ಇನ್ನೂ ಗಾಳಿಯಲ್ಲೇ ನಿಂತಿತ್ತು, ಅದನ್ನು ಸರಿಸಿ ನನ್ನದನ್ನು ಹೇಗೆ ಇಡಲಿ, ತಲೆಯಾಡಿಸಿದೆ, ಇಲ್ಲ ಎಂದು, ಬರೀ ತಲೆಯಾಡಿಸಿದೆ. ಐದು ದಿನ ಇದ್ದಳು. ಕೈಯ ಹಿಂಬದಿಯಿಂದ ಬಾಯಿ ಒರೆಸಿಕೊಂಡು — ಬೇಡ, ಅಂಚು ಹಿಡಿ, ಹೊಲಿ.

ಬಾಗಿಲು ಕಿರುಗುಟ್ಟಿತು, ಆಯ್ತಾ ಮಗಳೇ, ಅವರೆಲ್ಲ ಬಂದಾಯ್ತು, ಅದರಲ್ಲಿ ಒಬ್ಬಾಕೆ ಬಸುರಿ, ನಿಧಾನಕ್ಕೆ ಇಳಿಸ್ಬೇಕು, ಕೊಡು ಇತ್ಲಾಗೆ, ಅಪ್ಪನ ಕೈ ಮುಂದೆ ಚಾಚಿದೆ, ಬಟ್ಟೆಯನ್ನು ಎದೆಗೆ ಅವುಚಿಕೊಂಡವಳು ನಾನೇ, ಕೊಡಲ್ಲ ಅಪ್ಪಾ, ಇದು ಯಾರ ದನಿ, ಡಾಕ್ಟರು ಕೇಳಿದ್ದು ಈ ಹೊಳೆ ನೀರನ್ನೇ ಅಪ್ಪಾ, ಅವಳು ಇಳಿಯೋಕೆ ಮುಂಚೆನೇ ನಾನು ಪರೀಕ್ಷೆ ಮಾಡಿದ್ದೆ, ವಿಷ ಅಂತ ಗೊತ್ತಿತ್ತು, ಆ ಚೀಟಿ ನಂದೇ. ಬೈಯಲಿ, ಕೆನ್ನೆಗೆ ಬಾರಿಸಲಿ, ಏನಾದರೂ ಮಾಡಲಿ, ಅಪ್ಪ ಕುರ್ಚಿಯ ತುದಿಗೆ ಕುಸಿದು ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ, ಅವಳನ್ನು ಮುಳುಗಿಸಿದ ಕೈ, ಹೊರಗೆ ಗಂಟೆ ಹೊಡೆಯುತ್ತಿದೆ, ಅವರ್ನೆಲ್ಲ ಮನೆಗೆ ಹೋಗೋಕೆ ಹೇಳು, ಎಂದರು, ಆಮೇಲೆ, ಮಗುವಿನ ಹಾಗೆ, ನಾನು ಅವಳ ಮೂಗು ಹಿಡಿದಿದ್ದೆ ಮಗಳೇ, ಬಾಯಿಗೆ ನೀರು ಹೋಗಿರಲ್ಲ ಅಲ್ವಾ, ಹೋಗಿರಲ್ಲ ಅನ್ನು. ಅನ್ನಬೇಕು, ಒಂದೇ ಮಾತು, ಇಲ್ಲ ಅಪ್ಪಾ, ಅಷ್ಟು ಸಾಕು ಅವರಿಗೆ, ಆದರೆ ದಡದಲ್ಲಿದ್ದವಳು ನಾನು, ಅವಳು ಮೇಲೆ ಬರುತ್ತಾಳೆ, ಕೂದಲಿಂದ ನೀರು, ನಗು, ಅಯ್ಯೋ ಅಕ್ಕಾ, ನೀ ಹೇಳಿದ್ದು ಮರೆತೇಬಿಟ್ಟೆ ಕಣೇ, ಒಂದು ಗುಟುಕು ಒಳಗೇ ಹೋಯ್ತು, ಕೈಯ ಹಿಂಬದಿಯಿಂದ ಬಾಯಿ ಒರೆಸಿಕೊಳ್ಳುತ್ತಾಳೆ, ಇಲ್ಲ ಅಪ್ಪಾ ಅನ್ನು, ಒರೆಸಿಕೊಳ್ಳುತ್ತಾಳೆ, ನಗುತ್ತಲೇ, ಕೈಯ ಹಿಂಬದಿಯಿಂದ, ಬಾಯಿ ಒರೆಸಿಕೊಳ್ಳುತ್ತಾಳೆ —