ಐದು ಬೋಲ್ಟಿನ ಆಕ್ಸಲ್ ನಾಲ್ಕಕ್ಕೆ ಒಗ್ಗಿದ್ದು

ನಾನು ಒಂದು ಹಿಂದಿನ ಆಕ್ಸಲ್. ಗಾಡಿಯ ಎರಡು ಹಿಂಚಕ್ರಗಳ ನಡುವೆ, ಯಾರ ಕಣ್ಣಿಗೂ ಬೀಳದಂತೆ ಅಡ್ಡಲಾಗಿ ಮಲಗಿರುವ ಕಬ್ಬಿಣದ ತೊಲೆ. ಎಂಜಿನ್ನಿನ ಶಕ್ತಿಯನ್ನು ಆ ಚಕ್ರಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಕಾರ್ಖಾನೆಯಲ್ಲಿ ನನ್ನನ್ನು ಕಾಯಿಸಿ, ಬಡಿದು, ಎರಡೂ ತುದಿಗೆ ಒಂದೊಂದು ದುಂಡು ತಟ್ಟೆ ಕೂರಿಸಿದರು. ಪ್ರತಿ ತಟ್ಟೆಯಲ್ಲೂ ಐದು ತೂತು, ಐದು ಬೋಲ್ಟು. ಐದು ತೂತಿನ ಚಕ್ರ ಮಾತ್ರ ನನ್ನನ್ನು ಸೇರಬಲ್ಲದು ಎಂದು ಅಲ್ಲೇ ತೀರ್ಮಾನವಾಗಿಹೋಯಿತು.

ಮೊದಲು ನಾನಿದ್ದದ್ದು ಹುಬ್ಬಳ್ಳಿಯ ಒಂದು ಬೇಕರಿಯ ವ್ಯಾನಿನಲ್ಲಿ. ಬೆಳಗಾದರೆ ಬಿಸಿ ಬ್ರೆಡ್ಡಿನ ವಾಸನೆ ಹಲಗೆಯ ಸಂದಿಯಿಂದ ಕೆಳಗಿಳಿದು ಬರುತ್ತಿತ್ತು. ಚಾಲಕ ಸಿದ್ಲಿಂಗಪ್ಪನ ಮುಖ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ಅವನ ಟೈರಿನ ಚಪ್ಪಲಿ ಮತ್ತು ಅವನ ಸಿಳ್ಳೆ. ಒಮ್ಮೆ ಎಮ್ಮೆಯೊಂದನ್ನು ತಪ್ಪಿಸಲು ಹೋಗಿ ಅವನು ವ್ಯಾನನ್ನು ಹುಣಸೆ ಮರಕ್ಕೆ ಗುದ್ದಿಸಿದ. ಅವನಿಗೆ ಏನೂ ಆಗಲಿಲ್ಲ, ವ್ಯಾನಿನ ಮೂತಿ ಮಾತ್ರ ಒಳಗೆ ಹೋಯಿತು. ಗುಜರಿಯವರು ಅದನ್ನು ಬಿಚ್ಚಿ ನನ್ನನ್ನು ಒಂದು ಮೂಲೆಗೆ ಎಳೆದು ಹಾಕಿದರು. ಮೈಮೇಲೆ ತುಕ್ಕು ಹತ್ತಿತು, ಸುತ್ತ ಪಾರ್ಥೇನಿಯಂ ಬೆಳೆಯಿತು. ನನ್ನ ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಒಂದು ಮಧ್ಯಾಹ್ನ ಮೆಕ್ಯಾನಿಕ್ ಮಕ್ತುಮಸಾಬ ಬಂದು, ಗಿಡ ಸರಿಸಿ, ಟೇಪು ಹಿಡಿದು ನನ್ನ ಉದ್ದ ಅಳೆದ. "ಅಗಲ ಬರೋಬರಿ ಐತಿ" ಎಂದು ತನ್ನಷ್ಟಕ್ಕೇ ಹೇಳಿಕೊಂಡು ನನ್ನನ್ನು ಗ್ಯಾರೇಜಿಗೆ ಹೊರಿಸಿಕೊಂಡು ಹೋದ.

ಅಲ್ಲಿ ಹಿಂಭಾಗವನ್ನು ಕಟ್ಟಿಗೆ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದ ಒಂದು ಹಳೆಯ ಕಾರಿತ್ತು. ಅದರ ಆಕ್ಸಲ್ ಮುರಿದಿತ್ತು, ಅಂಥದ್ದು ಈಗ ಎಲ್ಲೂ ಸಿಗುತ್ತಿರಲಿಲ್ಲ. ಕಾರು ಇಂದುಮತಿಬಾಯಿ ಕಟಗೇರಿಯವರ ಡ್ರೈವಿಂಗ್ ಸ್ಕೂಲಿನದು. ಸ್ಕೂಲು ಶುರುಮಾಡಿದ್ದು ಅವರ ಯಜಮಾನರು ವಾಮನರಾಯರು. ಅವರಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಹೋದ ಮೇಲೆ, ಅವರಿಂದಲೇ ಕಲಿತಿದ್ದ ಇಂದುಮತಿಬಾಯಿ ಊರಿನ ಹೆಂಗಸರಿಗೆ ಕಾರು ಕಲಿಸಲು ಕೂತರು. ರಾಯರಿಗೆ ಉಳಿದದ್ದು ಒಂದೇ ಕೆಲಸ. ಬೆಳಿಗ್ಗೆ ಬೆತ್ತದ ಪೀಠದ ಮೇಲೆ ಕೂತು, ಚಕ್ರಗಳ ನಡುವಿನ ಬೆಳ್ಳನೆಯ ಮುಚ್ಚಳಗಳನ್ನು, ವೀಲ್ ಕ್ಯಾಪುಗಳನ್ನು, ಎಡಗೈಯಿಂದ ಒರೆಸಿ ಮಿಂಚಿಸುವುದು. ಇದೆಲ್ಲ ಗ್ಯಾರೇಜಿನವರ ಮಾತಿನಿಂದ ನನಗೆ ತಿಳಿಯಿತು.

ತೊಡಕಿದ್ದದ್ದು ನನ್ನಲ್ಲಿ. ಆ ಕಾರಿನ ಚಕ್ರಗಳಿಗೆ ನಾಲ್ಕೇ ತೂತು.

"ಬಾಯಾರ, ಮುಂದ ನಾಕು, ಹಿಂದ ಐದು ಅಂದ್ರ ಎರಡು ನಮೂನಿ ಸ್ಟೆಪ್ನಿ ಇಟ್ಗೋಬೇಕಾಗ್ತದ್ರಿ" ಎಂದ ಮಕ್ತುಮಸಾಬ. "ಅದರ ಬದ್ಲಿ ಮುಂದಿನ ಚಕ್ರದ ತಟ್ಟೀನೂ ಬದಲಿ ಮಾಡಿ, ಎಲ್ಲಾ ಕಡೆ ಐದು ಬೋಲ್ಟಿನ ಚಕ್ರಾನ ಹಾಕಿಬಿಡೂಣ್ರಿ."

"ಹಾಂಗ ಮಾಡ್ರಿ. ಹುಡುಗ್ಯಾರು ಕ್ಲಾಸಿಗೆ ಕಾಯ್ಲಿಕ್ಕತ್ತಾರ" ಎಂದರು ಇಂದುಮತಿಬಾಯಿ.

ಐದು ತೂತಿನ ಹೊಸ ಚಕ್ರಗಳನ್ನು ತಂದು ನನ್ನ ಪಕ್ಕದಲ್ಲೇ ಸಾಲಾಗಿ ನಿಲ್ಲಿಸಿದ್ದರು. ಅವತ್ತು ರಾಯರೂ ಹೆಂಡತಿಯ ಜೊತೆ ಬಂದಿದ್ದರು. ಹಳೆಯ ಕ್ಯಾಪೊಂದನ್ನು ಎತ್ತಿಕೊಂಡು, ಹೊಸ ಚಕ್ರದ ಮುಂದೆ ಕಷ್ಟಪಟ್ಟು ಕೂತು, ಎಡ ಅಂಗೈಯಿಂದ ಒತ್ತಿದರು. ಕ್ಯಾಪು ಕೂರಲಿಲ್ಲ. ತಿರುಗಿಸಿ ಒತ್ತಿದರು, ಜಾರಿ ಬಿತ್ತು. ತಾವೇ ತಪ್ಪು ಮಾಡುತ್ತಿದ್ದೇವೆ ಎಂಬಂತೆ ಸೊಂಟದ ವಸ್ತ್ರದಿಂದ ಅದನ್ನು ಒರೆಸಿ, ಮತ್ತೆ ಒತ್ತಿದರು.

ಇಂದುಮತಿಬಾಯಿ ಅವರ ಭುಜ ಹಿಡಿದರು. "ಅದು ಇದರದಲ್ಲಾರಿ. ಇದಕ್ಕ ಬ್ಯಾರೆ ಬರ್ತದಂತ."

ರಾಯರು ಕ್ಯಾಪನ್ನು ಎದೆಗೆ ಅವಚಿಕೊಂಡು ಎದ್ದರು. ಯಾರಿಗೂ ಕೊಡಲಿಲ್ಲ.

ಮಕ್ತುಮಸಾಬ ಆ ಕಡೆ ತಿರುಗಿ ಕೈಯ ಗ್ರೀಸು ಒರೆಸಿಕೊಂಡ. ಅದು ಹೋದ ಮೇಲೂ ಒರೆಸುತ್ತಲೇ ಇದ್ದ. ಆಮೇಲೆ ಹೇಳಿದ: "ಬಾಯಾರ, ಚಕ್ರ ಬದಲಿ ಮಾಡೂದು ಬ್ಯಾಡ್ರಿ. ಈ ಆಕ್ಸಲ್ಲಿಗೇ ಹೊಸಾ ತೂತು ಹಾಕಿಸ್ತೀನಿ. ನಾಕು ದಿನಾ ತಡಾ ಆಗ್ತದ."

"ಆಗ್ಲಿ, ತಡಾ ಆಗ್ಲಿ" ಎಂದರು ಇಂದುಮತಿಬಾಯಿ.

ಹಾಗೆ ನಾನು ತೂತು ಕೊರೆಯುವ ಮಷಿನ್ನಿನ ಮುಂದೆ ಬಂದೆ. ತಟ್ಟೆಗಳನ್ನು ಬಿಚ್ಚಿ, ಐದೈದು ಬೋಲ್ಟುಗಳನ್ನೂ ಬಡಿದು ಕಿತ್ತರು. ಹಳೆಯ ತೂತುಗಳ ವೃತ್ತ ದೊಡ್ಡದು, ಬೇಕಾದ ವೃತ್ತ ಚಿಕ್ಕದು. ಹಳೆಯ ವೃತ್ತದ ಒಳಗಡೆ, ಹಳೆಯ ತೂತುಗಳಿಗೆ ತಾಗದ ಹಾಗೆ, ನಾಲ್ಕು ಹೊಸ ತೂತು ಕೊರೆಯಬೇಕಿತ್ತು. ಕೂದಲಷ್ಟು ತಪ್ಪಿದರೂ ಚಕ್ರ ವಾಲಾಡುತ್ತದೆ, ಓಡುವಾಗ ಕಳಚಿಯೂ ಬಿದ್ದೀತು. ಡ್ರಿಲ್ಲು ಇಳಿದಾಗ ನನಗೆ ಭಯವಾಯಿತು. ಹುಟ್ಟಿನಿಂದ ಬಂದ ಗುರುತು ಹೋದರೆ ನಾನು ಯಾರು? ಸುರುಳಿ ಸುರುಳಿಯಾಗಿ ಬಿದ್ದ ನನ್ನದೇ ಚೂರುಗಳು ಬೆಳ್ಳಗೆ ಹೊಳೆಯುತ್ತಿದ್ದವು. ತುಕ್ಕಿನ ಒಳಗೆ ನಾನು ಇನ್ನೂ ಹಾಗೇ ಇದ್ದೆನೆಂದು ಅವತ್ತೇ ಗೊತ್ತಾದದ್ದು.

ಬ್ರೇಕ್ ಡ್ರಮ್ಮುಗಳಿಗೂ ಹಾಗೆಯೇ ತೂತು ಹಾಕಿ ನನ್ನನ್ನು ಕಾರಿನ ಕೆಳಗೆ ಕಟ್ಟಿದರು. ಹಳೆಯ ಚಕ್ರ ಬಂದು ನಾಲ್ಕು ಬೋಲ್ಟುಗಳ ಮೇಲೆ ಮೆತ್ತಗೆ ಕೂತಿತು. ಮಕ್ತುಮಸಾಬ ಮೊದಲು ತಾನೊಬ್ಬನೇ ಧಾರವಾಡದ ರಸ್ತೆಯಲ್ಲಿ ಓಡಿಸಿದ. ಬಂದು, ನಟ್ಟುಗಳನ್ನು ಇನ್ನೊಮ್ಮೆ ಬಿಗಿದು, "ರಾಯರ, ಈಗ ನಿಮ್ಮ ಕೆಲಸ" ಎಂದು ಪಕ್ಕಕ್ಕೆ ಸರಿದ.

ರಾಯರು ಕೂತು ಅಂಗೈಯಿಂದ ಒತ್ತಿದರು. ಟಕ್ ಎಂದು ಕ್ಯಾಪು ಕೂತಿತು. ಅವರ ಗಂಟಲಿನಿಂದ ಒಂದು ಶಬ್ದ ಬಂತು. ಅದು ನಗು ಎಂದು ತಿಳಿದದ್ದು ಇಂದುಮತಿಬಾಯಿಯೂ ನಕ್ಕಾಗ.

ಬಹಳ ವರ್ಷ ಓಡಿದೆವು. ನನ್ನ ಮೇಲೆ ಕೂತು ಎಷ್ಟೋ ಹೆಂಗಸರು ಕಲಿತರು. ನರ್ಸುಗಳಿದ್ದರು, ಟೀಚರುಗಳಿದ್ದರು, ಮೊಮ್ಮಕ್ಕಳಿದ್ದ ಒಬ್ಬ ಅಜ್ಜಿಯೂ ಇದ್ದರು. ಒಂದು ಚಳಿಗಾಲ ವಾಮನರಾಯರು ತೀರಿಕೊಂಡರು. ಕಾರಿಗೂ ವಯಸ್ಸಾಯಿತು, ರಸ್ತೆಗೆ ಇಳಿಸುವ ಪರವಾನಗಿ ಮುಗಿಯಿತು. ಗುಜರಿಯವರು ಕೇಳಿಕೊಂಡು ಬಂದರು. ಇಂದುಮತಿಬಾಯಿ ಕೊಡಲಿಲ್ಲ. ಸ್ಕೂಲಿನ ಅಂಗಳದಲ್ಲಿ ಭದ್ರವಾದ ಸ್ಟ್ಯಾಂಡಿನ ಮೇಲೆ ಹಿಂಭಾಗವನ್ನು ಎತ್ತಿ ನಿಲ್ಲಿಸಿದರು. ಹಿಂಚಕ್ರಗಳೀಗ ನೆಲ ಮುಟ್ಟುವುದಿಲ್ಲ.

ರಸ್ತೆಯೆಂದರೆ ತೀರಾ ಹೆದರುವವರು ಮೊದಲು ನನ್ನ ಹತ್ತಿರ ಬರುತ್ತಾರೆ. ಇವತ್ತು ಬೆಳಿಗ್ಗೆಯೂ ಒಬ್ಬಳು ಬಂದಿದ್ದಳು. ಅವಳ ಕಾಲು ಪೆಡಲಿನ ಮೇಲೆ ನಡುಗುವುದು ನನ್ನವರೆಗೂ ತಲುಪುತ್ತಿತ್ತು.

"ಹೆದರಬ್ಯಾಡವಾ" ಎಂದರು ಇಂದುಮತಿಬಾಯಿ. "ಇದು ಎಲ್ಲೂ ಹೋಗಂಗಿಲ್ಲ. ಸಾವಕಾಶ ಕ್ಲಚ್ ಬಿಡು."

ಅವಳು ಬಿಟ್ಟಳು. ನಾನು ಎಷ್ಟು ಮೆತ್ತಗೆ ತಿರುಗಲು ಸಾಧ್ಯವೋ ಅಷ್ಟು ಮೆತ್ತಗೆ ತಿರುಗಿದೆ.